ಕಂಬ ನೇತಾಡುವ ದಿನಕ್ಕೂ ಲ್ಯಾಪು ಬೇಕು

ಪುಟ್ಟಿ, ನಿನ್ನ ಮೆಸೇಜು ಓದಿದೆ. ಕ್ರಾಯ್ಡನ್ನಿನ ಎಂಟು ಮಹಡಿ ಕಟ್ಟಡದ ಕಾಲಂ ಕಂಬಿಗೆ 40ಡಿ, ಅಂದರೆ ವ್ಯಾಸದ 40 ಪಟ್ಟು, ಲ್ಯಾಪು ಎಂದು ಬರೆದೆಯಂತೆ, ಡ್ರಾಯಿಂಗ್ ನೋಡಿದವರು ಅದನ್ನು ಹೊಡೆದುಹಾಕಿ 54ಡಿ ಮಾಡಿಸಿದರಂತೆ. "ಕಂಬ ಯಾವಾಗಲೂ ಒತ್ತಡದಲ್ಲೇ ತಾನೆ ದೊಡ್ಡಪ್ಪ, ಇಷ್ಟುದ್ದ ಯಾಕೆ?" ಎಂದು ಕೇಳಿದ್ದೀಯ. ಜೊತೆಗೆ ಇನ್ನೊಂದು: ಬೆಂಗಳೂರಿನ ಸೈಟಿನಲ್ಲಿ ಲ್ಯಾಪು ಕಂಬದ ನಡುಭಾಗದಲ್ಲಿ ಬರುತ್ತಿತ್ತು, ಲಂಡನ್ನಿನವರು ಸ್ಲ್ಯಾಬಿನ ಮೇಲೇ ಶುರು ಮಾಡುತ್ತಾರೆ, ಯಾರು ಸರಿ ಎಂದು. ಆಫೀಸಿನಲ್ಲಿ "ಕೋಡು ಹಾಗೆ ಹೇಳುತ್ತೆ" ಎಂದು ಮುಗಿಸಿದರೆ ಬೇಜಾರು ಮಾಡಿಕೊಳ್ಳಬೇಡ, ಅವರಿಗೆ ತಲೆಯ ಮೇಲೆ ಕೆಲಸವಿರುತ್ತದೆ. ಹ್ಯಾರೋದಲ್ಲಿ ಕೂತ ನನಗೆ ಈಗ ಪುರುಸೊತ್ತೇ ಪುರುಸೊತ್ತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡಿಕೋ. ಲ್ಯಾಪಿನಲ್ಲಿ ಎರಡು ಕಂಬಿಗಳು ಒಂದನ್ನೊಂದು ಹಿಡಿದುಕೊಂಡಿರುವುದಿಲ್ಲ. ಸುತ್ತಿದ ಕಟ್ಟು ತಂತಿ ಇದೆಯಲ್ಲ, ಅದು ಕಾಂಕ್ರೀಟು ಬೀಳುವ ತನಕ ಕಂಬಿ ಅಲುಗದಿರಲಿ ಎಂದು, ಅಷ್ಟೇ. ಆಮೇಲೆ ಅದಕ್ಕೆ ಕೆಲಸವಿಲ್ಲ. ಮೇಲಿನ ಕಂಬಿ ತನ್ನ ಹೊರೆಯನ್ನು ಸುತ್ತಲಿನ ಕಾಂಕ್ರೀಟಿಗೆ ಕೊಡುತ್ತದೆ, ಕಾಂಕ್ರೀಟು ಅದನ್ನು ಪಕ್ಕದ ಕೆಳಗಿನ ಕಂಬಿಗೆ ದಾಟಿಸುತ್ತದೆ. ಕೊಡುವುದು ಕಂಬಿಯ ಮೈಮೇಲಿನ ರಿಬ್ಬುಗಳ ಮೂಲಕ. ಒಂದೊಂದು ರಿಬ್ಬೂ ಕಾಂಕ್ರೀಟನ್ನು ಓರೆಯಾಗಿ ತಳ್ಳುತ್ತದೆ. ಆ ತಳ್ಳುವಿಕೆಯ ಒಂದು ಪಾಲು ಉದ್ದಕ್ಕೆ ಹೋಗುತ್ತದೆ, ಇನ್ನೊಂದು ಪಾಲು ಹೊರಕ್ಕೆ ಹೋಗಿ ಕವರನ್ನು ಸೀಳಲು ನೋಡುತ್ತದೆ. ಆದ್ದರಿಂದ ಲ್ಯಾಪು ಸೋಲುವುದು ಬಹುತೇಕ ಕಂಬಿ ಜಾರಿದ್ದರಿಂದ ಅಲ್ಲ, ಕಾಂಕ್ರೀಟು ಸೀಳಿದ್ದರಿಂದ. ಕವರು ಎಷ್ಟಿದೆ, ಅಕ್ಕಪಕ್ಕದ ಜೋಡಿಗಳ ನಡುವೆ ಜಾಗ ಎಷ್ಟು, ಸುತ್ತ ರಿಂಗು ಎಷ್ಟು ಹತ್ತಿರ ಕಟ್ಟಿದ್ದಾರೆ, ಇವೆಲ್ಲ ಉದ್ದದಷ್ಟೇ ಮುಖ್ಯವಾಗುವುದು ಅದಕ್ಕೇ. ನೀನು ಉದ್ದ ಒಂದನ್ನೇ ಕೇಳಿದೆ. ಮೇಸ್ತ್ರಿಗಳೂ ಅದನ್ನೇ ಕೇಳುತ್ತಾರೆ, ತಪ್ಪಿಲ್ಲ.

ಈಗ ನಿನ್ನ 40ಡಿ ಎಲ್ಲಿಂದ ಬಂತು ನೋಡೋಣ. ಐಎಸ್ 456ರ 2000ದ ಆವೃತ್ತಿಯಲ್ಲಿ ಎಂ25 ಕಾಂಕ್ರೀಟು, ಎಫ್‌ಇ 500 ಕಂಬಿ ಹಿಡಿ. ರಿಬ್ಬಿನ ಕಂಬಿಗೆ ಹಿಡಿತ 1.4ರ ಮೇಲೆ ಶೇಕಡಾ 60 ಸೇರಿ 2.24 ಆಗುತ್ತದೆ. ಎಳೆತಕ್ಕೆ ಲೆಕ್ಕ ಹಾಕಿದರೆ ಸುಮಾರು 48.5 ವ್ಯಾಸ. ಒತ್ತಡಕ್ಕೆ ಹಿಡಿತವನ್ನು ಇನ್ನೂ ಶೇಕಡಾ 25 ಹೆಚ್ಚಿಸಬಹುದು ಎನ್ನುತ್ತದೆ ಆ ಕೋಡು. ಭಾಗಿಸಿದರೆ 39ಕ್ಕೆ ಹತ್ತಿರ. 24 ವ್ಯಾಸಕ್ಕಿಂತ ಕಡಿಮೆ ಮಾತ್ರ ಆಗಬಾರದು. ಸೈಟಿನ ಬಾಯಿಯಲ್ಲಿ ಅದು 40ಡಿ. ಅಲ್ಲಿಗೆ ಅದು ಸರಿಯಾದ ಲೆಕ್ಕವೇ.

ಇಲ್ಲಿ ಬಿಎಸ್ 8110 ಇದ್ದ ಕಾಲದಲ್ಲೂ ಹೆಚ್ಚು ಕಡಿಮೆ ಇದೇ ದಾರಿ. ಒತ್ತಡದ ಆಂಕರೇಜು ಎಷ್ಟೋ ಅದರ ಮೇಲೆ ಕಾಲು ಭಾಗ ಸೇರಿಸಿದರೆ ಒತ್ತಡದ ಲ್ಯಾಪು. ಎಳೆತದ ಲ್ಯಾಪಿಗೆ ಮಾತ್ರ ಕವರು, ಜಾಗ ನೋಡಿ 1.4 ಅಥವಾ 2 ಪಟ್ಟು. ನನ್ನ ವಯಸ್ಸಿನವರೆಲ್ಲ ಆ ಅಭ್ಯಾಸದವರು. 2010ರಲ್ಲಿ ಅದು ಹೋಗಿ ಯೂರೋಕೋಡ್ 2 ಗಟ್ಟಿಯಾಗಿ ಕೂತಿತು. ಅದರ ಪ್ರಕಾರ ಸಿ30/37 ಕಾಂಕ್ರೀಟಿನಲ್ಲಿ ಹಿಡಿತ 3.0. ಕಂಬಿಯ ಪೂರ್ತಿ ಶಕ್ತಿ 435ಕ್ಕೆ ಲೆಕ್ಕ ಹಾಕಿದರೆ ಬೇಕಾದ ಉದ್ದ 36 ವ್ಯಾಸ. ನೋಡು, ಮೂಲ ಸಂಖ್ಯೆ ನಿನ್ನ 40ಕ್ಕಿಂತ ಕಡಿಮೆಯೇ ಇದೆ! ಆದರೆ ಇಲ್ಲಿ ಒಂದೇ ಮಟ್ಟದಲ್ಲಿ ಎಷ್ಟು ಕಂಬಿ ಲ್ಯಾಪಾಗುತ್ತವೆ ಎಂದು ಕೇಳುತ್ತಾರೆ. ಅರ್ಧಕ್ಕಿಂತ ಹೆಚ್ಚಾದರೆ ಒಂದೂವರೆ ಪಟ್ಟು. ಕಂಬದಲ್ಲಿ ಸಾಮಾನ್ಯವಾಗಿ ಎಲ್ಲ ಕಂಬಿಯೂ ಒಂದೇ ಕಡೆ ಲ್ಯಾಪಾಗುತ್ತದೆ. 36ರ ಒಂದೂವರೆ 54. ಒತ್ತಡಕ್ಕೆಂದು ಪ್ರತ್ಯೇಕ ರಿಯಾಯಿತಿಯೂ ಇಲ್ಲ. ನಿನ್ನ ಎಚ್20 ಕಂಬಿಗೆ 1080 ಮಿ.ಮೀ. ಕಾಂಕ್ರೀಟನ್ನು ಸಿ40/50 ಮಾಡಿದರೆ ಅದೇ 54 ಇಳಿದು 44ರ ಹತ್ತಿರ ಬರುತ್ತದೆ. ಕಾಂಕ್ರೀಟಿನ ದರ್ಜೆ ಬದಲಾದ ದಿನ ಲ್ಯಾಪಿನ ಪಟ್ಟಿಯೂ ಬದಲಾಗಬೇಕು ಎನ್ನುವುದು ಎಷ್ಟೋ ಆಫೀಸುಗಳಲ್ಲಿ ಮರೆತೇ ಹೋಗುತ್ತದೆ.

ಇನ್ನೊಂದು ಮಾತು. 2023ರಲ್ಲಿ ಯೂರೋಕೋಡ್ 2ರ ಎರಡನೇ ತಲೆಮಾರು ಬಂದಿದೆ, ಸೂತ್ರವೇ ಬೇರೆ. ಡ್ರಾಯಿಂಗಿನ ಟಿಪ್ಪಣಿಯಲ್ಲಿ "ಕೋಡಿನಂತೆ" ಎಂದು ಬರೆದು ಬಿಡಬೇಡ, ಯಾವ ವರ್ಷದ್ದು ಎಂದು ಬರೆ. ಮಿಲಿಮೀಟರಿನಲ್ಲಿ ಒಂದು ಪಟ್ಟಿಯನ್ನೂ ಕೊಡು. ಕಂಬಿ ಕಟ್ಟುವವನು ಮಳೆಯಲ್ಲಿ ನಿಂತು 54ನ್ನು 20ರಿಂದ ಗುಣಿಸುತ್ತಾ ಕೂರುವುದಿಲ್ಲ.

ಎರಡನೇ ಪ್ರಶ್ನೆಗೆ ಬರೋಣ, ಲ್ಯಾಪು ಎಲ್ಲಿ ಎಂಬುದಕ್ಕೆ. ಇಲ್ಲಿ ಇಬ್ಬರೂ ಸರಿ. ಭೂಮಿ ನಡುಗಿದಾಗ ಕಂಬ ಅಡ್ಡಕ್ಕೆ ತೂಗುತ್ತದೆ, ಬಾಗುವಿಕೆ ಅತಿ ಹೆಚ್ಚು ಬರುವುದು ಕಂಬದ ಎರಡು ತುದಿಗಳಲ್ಲಿ, ಅಂದರೆ ನೆಲದ ಹತ್ತಿರ ಮತ್ತು ತೊಲೆಯ ಹತ್ತಿರ. ಆ ಜಾಗದಲ್ಲಿ ಕಂಬಿ ಒಮ್ಮೆ ಎಳೆತಕ್ಕೆ, ಮರುಕ್ಷಣ ಒತ್ತಡಕ್ಕೆ ಸಿಗುತ್ತದೆ, ಕವರು ಉದುರಿ ಹೋಗುತ್ತದೆ. ಕವರೇ ಹೋದ ಮೇಲೆ ಹೊರೆ ದಾಟಿಸಲು ಏನು ಉಳಿಯಿತು? 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನ ಅಪಾರ್ಟ್‌ಮೆಂಟುಗಳು ಕಂಬ ಮುರಿದು ಕೂತದ್ದನ್ನು ನೀನು ಪಾಠದಲ್ಲಿ ನೋಡಿರುತ್ತೀಯ. ಅದಕ್ಕೇ ಐಎಸ್ 13920 ಕಂಬದ ಲ್ಯಾಪನ್ನು ಎತ್ತರದ ನಡುವಿನ ಅರ್ಧಭಾಗದಲ್ಲಿ ಮಾತ್ರ ಕೊಡು, ಅದೂ ಎಳೆತದ ಲೆಕ್ಕದಲ್ಲಿ ಕೊಡು ಎನ್ನುತ್ತದೆ. ಬೆಂಗಳೂರು ಎರಡನೇ ವಲಯ, ಅಲ್ಲಿ ಇದು ಕಡ್ಡಾಯವಲ್ಲ. ಮಂಗಳೂರಿನ ಕಡೆ ಮೂರನೇ ವಲಯ, ಕಡ್ಡಾಯ. ನಿಮ್ಮ ಬೆಂಗಳೂರಿನ ಎಂಜಿನಿಯರು ಕಡ್ಡಾಯವಿಲ್ಲದೆಯೂ ನಡುವೆ ಕೊಡಿಸಿದ್ದರೆ ಆತನಿಗೆ ನನ್ನ ನಮಸ್ಕಾರ.

ಹಾಗೆ ಕೊಟ್ಟಿದ್ದರೆ 40ಡಿ ಅಲ್ಲಿಯೂ ಸಾಲದು ಎನ್ನುವುದನ್ನು ಗಮನಿಸು. ಎಳೆತದ ಲೆಕ್ಕ ಹಿಡಿದರೆ ಅದೇ ಎಂ25ರಲ್ಲಿ 48.5 ಬೇಕಲ್ಲ. ಜಾಗದ ನಿಯಮ ಒಂದು ಕೋಡಿನಿಂದ, ಉದ್ದದ ನಿಯಮ ಇನ್ನೊಂದರಿಂದ ಎತ್ತಿಕೊಳ್ಳುವ ಚಾಳಿ ನಮ್ಮ ಕಡೆ ಬಹಳ.

ಲಂಡನ್ನಿನ ಮನೆ ಕಟ್ಟಡಗಳನ್ನು ಭೂಕಂಪಕ್ಕೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಗಾಳಿಯ ಬಲವನ್ನು ಲಿಫ್ಟಿನ ಸುತ್ತಲಿನ ಕೋರ್ ಗೋಡೆ ನೋಡಿಕೊಳ್ಳುತ್ತದೆ. ಕಂಬಕ್ಕೆ ಬಾಗುವ ಕೆಲಸ ಕಡಿಮೆ. ಹಾಗಾಗಿ ಕೆಲಸಗಾರ ಸ್ಲ್ಯಾಬಿನ ಮೇಲೆ ನಿಂತು ಕೈಗೆಟುಕುವ ಎತ್ತರದಲ್ಲಿ ಕಟ್ಟಲಿ ಎಂದು ಲ್ಯಾಪನ್ನು ಅಲ್ಲೇ ಶುರು ಮಾಡುತ್ತಾರೆ. ಒಂದೇ ಎಚ್ಚರಿಕೆ, ಕಿಕರ್. ಕಂಬದ ಬುಡದಲ್ಲಿ 75 ಮಿ.ಮೀ. ಎತ್ತರದ ಕಿಕರ್ ಹಾಕುವ ಕಾಂಟ್ರಾಕ್ಟರ್ ಆದರೆ ಲ್ಯಾಪು ಕಿಕರಿನ ತಲೆಯಿಂದ ಶುರು, ಸ್ಲ್ಯಾಬಿನ ತಲೆಯಿಂದಲ್ಲ. ಅಂದರೆ ಸ್ಟಾರ್ಟರ್ ಕಂಬಿ ಸ್ಲ್ಯಾಬಿನಿಂದ ಮೇಲಕ್ಕೆ 1080 ಅಲ್ಲ, 1155 ಇರಬೇಕು. 25ರ ಮೇಲ್ಮಟ್ಟಕ್ಕೆ ಸರಿಮಾಡಿ 1175 ಎಂದು ಬರೆ. ಈಗ ಎಷ್ಟೋ ಕಡೆ ಕಿಕರ್ ಇಲ್ಲದೆಯೇ ಹಾಕುತ್ತಾರೆ. ನಿಮ್ಮವರು ಹೇಗೆ ಮಾಡುತ್ತಾರೆ ಎಂದು ಡ್ರಾಯಿಂಗ್ ಕಳಿಸುವ ಮೊದಲೇ ಕೇಳು.

ಊರಿನಲ್ಲಿ ಸ್ಟಾರ್ಟರ್ ಕಂಬಿಯ ಕತೆಯೇ ಬೇರೆ. "ಮುಂದೆ ಮಗನಿಗೆ ಮೇಲೊಂದು ಮನೆ" ಎಂದು ತಾರಸಿಯ ಮೇಲೆ ಎರಡಡಿ ಕಂಬಿ ಬಿಟ್ಟಿರುತ್ತಾರೆ. 16 ಎಂಎಂ ಕಂಬಿಗೆ 40ಡಿ ಅಂದರೇ 640 ಮಿ.ಮೀ., ಎರಡಡಿಗಿಂತ ಹೆಚ್ಚು. ಬಿಟ್ಟದ್ದೇ ಕಡಿಮೆ, ಅದರ ಮೇಲೆ ಹದಿನೈದು ಮಳೆಗಾಲದ ತುಕ್ಕು. ನಿಮ್ಮಪ್ಪನ ಮನೆಯ ಮೇಲೂ ಇದೆ, ಅದನ್ನು ನಂಬಿ ಮೇಲೆ ಕಟ್ಟಲು ಹೊರಟರೆ ಮೊದಲು ನನಗೆ ಫೋನು ಮಾಡಲು ಹೇಳು.

ರಿಂಗಿನ ವಿಷಯ, ಇಲ್ಲಿಯವರ ಮಾತಿನಲ್ಲಿ ಲಿಂಕು. ಒತ್ತಡದ ಲ್ಯಾಪಿನಲ್ಲಿ ಎಳೆತದಲ್ಲಿ ಇಲ್ಲದ ಒಂದು ತಂಟೆ ಇದೆ. ಕಂಬಿಯ ಕೊನೆ ಕಾಂಕ್ರೀಟಿನೊಳಗೆ ಮೊಳೆಯಂತೆ ಕೂತಿರುತ್ತದೆ. ಹೊರೆ ಬಂದಾಗ ರಿಬ್ಬುಗಳಷ್ಟೇ ಅಲ್ಲ, ಆ ತುದಿಯೂ ಕಾಂಕ್ರೀಟನ್ನು ತಳ್ಳುತ್ತದೆ. ಇದರಿಂದ ಲ್ಯಾಪಿಗೆ ಸ್ವಲ್ಪ ಬಲವೂ ಬರುತ್ತದೆ, ತುದಿಯ ಎದುರಿನ ಕಾಂಕ್ರೀಟು ಸಿಡಿಯುವ ಭಯವೂ ಬರುತ್ತದೆ. ಅದಕ್ಕೇ ಯೂರೋಕೋಡು ಲ್ಯಾಪಿನ ಎರಡೂ ತುದಿಗಳ ಆಚೆ, ನಾಲ್ಕು ವ್ಯಾಸದೊಳಗೆ, ಒಂದೊಂದು ಲಿಂಕು ಇರಲೇಬೇಕು ಎನ್ನುತ್ತದೆ. ಎಚ್20ಗೆ 80 ಮಿ.ಮೀ. ಒಳಗೆ. ನಾನು ನೋಡಿದ ಡ್ರಾಯಿಂಗುಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುವ ಲಿಂಕು ಎಂದರೆ ಇದೇ. ಉದ್ದಕ್ಕೆ ಐವತ್ತು ಮಿಲಿಮೀಟರಿನ ಜಗಳ ಆಡುವವರು ಈ ಒಂದು ಲಿಂಕನ್ನು ಮರೆಯುತ್ತಾರೆ. ನನ್ನನ್ನು ಕೇಳಿದರೆ ಐವತ್ತು ಮಿಲಿಮೀಟರ್ ಬಿಟ್ಟುಕೊಟ್ಟೇನು, ಆ ಲಿಂಕು ಬಿಡಲಾರೆ.

ಉಳಿದ ಲಿಂಕುಗಳ ಅಂತರಕ್ಕೆ ಮೂರು ಮಿತಿ: ಅತಿ ಸಣ್ಣ ಉದ್ದಕಂಬಿಯ 20 ವ್ಯಾಸ, ಕಂಬದ ಚಿಕ್ಕ ಅಳತೆ, 400 ಮಿ.ಮೀ. ಯಾವುದು ಕಡಿಮೆಯೋ ಅದು. ಕಂಬಿ 14 ಎಂಎಂಗಿಂತ ದಪ್ಪವಾದರೆ ಲ್ಯಾಪಿನ ಭಾಗದಲ್ಲಿ ಅದನ್ನು 0.6ರಿಂದ ಗುಣಿಸಬೇಕು. 300 ಚೌಕದ ಕಂಬದಲ್ಲಿ 300 ಇದ್ದದ್ದು 180 ಆಗುತ್ತದೆ. ಲ್ಯಾಪಿನ ಉದ್ದದಲ್ಲಿ ಮೂರಾದರೂ ಲಿಂಕು ಬೇಕು.

ಆಮೇಲೆ ಇಕ್ಕಟ್ಟು. ಲ್ಯಾಪಿನಲ್ಲಿ ಕಂಬಿ ಇಮ್ಮಡಿ. 300 ಚೌಕದ ಕಂಬದಲ್ಲಿ ಎಂಟು ಎಚ್20 ಇಟ್ಟರೆ ಉಕ್ಕು ಶೇಕಡಾ 2.8, ಲ್ಯಾಪಿನಲ್ಲಿ 5.6. ಕೋಡು ಲ್ಯಾಪಿನ ಹೊರಗೆ ಶೇಕಡಾ ನಾಲ್ಕು, ಲ್ಯಾಪಿನಲ್ಲಿ ಎಂಟರ ತನಕ ಬಿಡುತ್ತದೆ. ಬಿಡುತ್ತದೆ ಎಂದು ಹಾಕಿದರೆ ವೈಬ್ರೇಟರು ಒಳಗೆ ಇಳಿಯುವುದಿಲ್ಲ, ಜಲ್ಲಿ ಮೇಲೇ ಸಿಕ್ಕಿಕೊಂಡು ಬುಡದಲ್ಲಿ ಹನಿಕೋಂಬು ಬೀಳುತ್ತದೆ. ಬುಡ ಎಂದರೆ ಎಲ್ಲಿ? ನಾವು ಲ್ಯಾಪು ಕೊಟ್ಟ ಜಾಗವೇ. 54ಡಿಯ ಸುತ್ತ ಟೊಳ್ಳು ಕಾಂಕ್ರೀಟು ಇದ್ದರೆ ಆ 54ಕ್ಕೆ ಬೆಲೆಯಿಲ್ಲ. ಕಂಬಿ ಒತ್ತಾಗುತ್ತಿದೆ ಅನ್ನಿಸಿದರೆ ಕಂಬವನ್ನು ಇನ್ನೂ 50 ಮಿ.ಮೀ. ಹೆಚ್ಚು ದಪ್ಪ ಮಾಡಲು ಆರ್ಕಿಟೆಕ್ಟನ್ನು ಕೇಳು. ಲಂಡನ್ನಿನಲ್ಲಿ ಒಂದೊಂದು ಚದರಡಿಗೂ ಬೆಲೆ, ಮುಖ ಗಂಟು ಹಾಕುತ್ತಾರೆ, ಆದರೂ ಕೇಳು. ಇಲ್ಲವಾದರೆ ಎರಡು ಕಂಬಿಗಳನ್ನು ತುದಿಗೆ ತುದಿ ಜೋಡಿಸುವ ಕಪ್ಲರ್. ಎಚ್32ಕ್ಕೆ 54ಡಿ ಎಂದರೆ 1728 ಮಿ.ಮೀ., ಒಬ್ಬ ಮನುಷ್ಯನ ಎತ್ತರ. ಮೂರು ಮೀಟರಿನ ಮಹಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಲ್ಯಾಪೇ ಆಯಿತು. ಅಲ್ಲಿ ಕಪ್ಲರಿನ ಬೆಲೆ ದುಬಾರಿ ಅನ್ನಿಸುವುದಿಲ್ಲ. 40 ಎಂಎಂ ಮೀರಿದ ಕಂಬಿಗಂತೂ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಲ್ಯಾಪೇ ಕೊಡುವುದಿಲ್ಲ. ನಮ್ಮ ಐಎಸ್ 456ರಲ್ಲಿ ಆ ಗಡಿ 36.

ಈಗ ನಿನ್ನ ಮುಖ್ಯ ಪ್ರಶ್ನೆ. ಕಂಬ ಯಾವಾಗಲೂ ಒತ್ತಡದಲ್ಲೇ ತಾನೆ?

ಒಂದು ಶನಿವಾರ ಬಿಡುವು ಮಾಡಿಕೊಂಡು ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನಿಗೆ ಹೋಗು. ಕ್ಲೆವರ್ ರೋಡಿನಲ್ಲಿ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡವಿತ್ತು, ಈಗ ನೋಡಲು ಏನೂ ಉಳಿದಿಲ್ಲ. 1968ರ ಮಾರ್ಚಿನಲ್ಲಿ ಜನ ವಾಸಕ್ಕೆ ಬಂದರು. ಮೇ 16ರ ಬೆಳಿಗ್ಗೆ ಆರಕ್ಕೆ ಮುಂಚೆ, 18ನೇ ಮಹಡಿಯ ಮೂಲೆಮನೆಯ ಐವಿ ಹಾಡ್ಜ್ ಎಂಬಾಕೆ ಟೀ ಕಾಯಿಸಲು ಬೆಂಕಿಕಡ್ಡಿ ಗೀರಿದರು. ಸೋರಿದ್ದ ಗ್ಯಾಸು ಸಿಡಿಯಿತು. ಸಿಡಿತ ಅಷ್ಟೇನೂ ಭಾರಿಯಲ್ಲ, ಆಕೆಯೇ ಬದುಕಿ ಉಳಿದರು. ಆದರೆ ಹೊರಗೋಡೆಯ ಹಲಗೆ ಆಚೆ ಬಿತ್ತು. ಅದರ ಮೇಲೆ ಕೂತಿದ್ದ ಮಹಡಿಗಳು ಆಸರೆ ತಪ್ಪಿ ಕುಸಿದವು. ಕುಸಿದ ಭಾರ ಕೆಳಗಿನ ಮಹಡಿಗಳನ್ನು ಒಂದೊಂದಾಗಿ ಹೊಡೆದುಕೊಂಡು ನೆಲದ ತನಕ ಹೋಯಿತು. ಕಟ್ಟಡದ ಒಂದು ಮೂಲೆ ಪೂರ್ತಿ ಇಲ್ಲವಾಯಿತು. ನಾಲ್ವರು ಸತ್ತರು.

ಅದರಲ್ಲಿ ನಿನ್ನ ಕಟ್ಟಡದಂಥ ಕಂಬಗಳಿರಲಿಲ್ಲ, ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದ ಗೋಡೆ ಹಲಗೆಗಳನ್ನು ಒಂದರ ಮೇಲೊಂದು ಕೂರಿಸಿದ್ದರು. ಮೇಲಿನ ಭಾರವೇ ಅವನ್ನು ಹಿಡಿದಿಡುತ್ತದೆ ಎಂಬ ಲೆಕ್ಕ. ಗೋಡೆ ಯಾವಾಗಲೂ ಒತ್ತಡದಲ್ಲೇ ತಾನೆ ಎಂದು ಅವರೂ ಅಂದುಕೊಂಡಿದ್ದರು ಅನ್ನು. 1986ರಲ್ಲಿ ಕಟ್ಟಡವನ್ನು ಬಿಚ್ಚಿ ಇಳಿಸುವಾಗ ಕೀಲುಗಳಲ್ಲಿ ಗಾರೆ ತುಂಬಬೇಕಿದ್ದ ಕಡೆ ಹಳೇ ನ್ಯೂಸ್‌ಪೇಪರು ತುರುಕಿದ್ದು ಸಿಕ್ಕಿತು. ಅದನ್ನು ಮೊದಲಿನಿಂದ ಎಚ್ಚರಿಸುತ್ತಾ ಬಂದಿದ್ದವರು ಸ್ಯಾಮ್ ವೆಬ್ ಎಂಬ ಆರ್ಕಿಟೆಕ್ಟ್.

ಆ ದುರಂತದಿಂದ 1970ರಲ್ಲಿ ಬ್ರಿಟನ್ನಿನ ಕಟ್ಟಡ ನಿಯಮ ಬದಲಾಯಿತು. ಸಣ್ಣ ಕಾರಣಕ್ಕೆ ದೊಡ್ಡ ಕುಸಿತ ಆಗಬಾರದು ಎಂಬ ತತ್ವ ಬಂತು, ಕಟ್ಟಡವನ್ನು ಅಡ್ಡಕ್ಕೂ ಉದ್ದಕ್ಕೂ ಕಂಬಿಯಿಂದ ಬಿಗಿಯುವ ಪದ್ಧತಿ ಕೋಡುಗಳಿಗೆ ಸೇರಿತು. ನಿನ್ನ ಎಂಟು ಮಹಡಿ ಈಗಿನ ನಿಯಮದಲ್ಲಿ 2ಬಿ ವರ್ಗ. ಅದಕ್ಕೆ ಎರಡು ದಾರಿ. ಒಂದು, ಒಂದೊಂದೇ ಕಂಬವನ್ನು ಲೆಕ್ಕದಲ್ಲಿ ತೆಗೆದುಹಾಕಿ, ಕುಸಿತ ಆ ಮಹಡಿಯ ಶೇಕಡಾ 15 ಅಥವಾ 100 ಚದರ ಮೀಟರ್ ಮೀರುವುದಿಲ್ಲ ಎಂದು ತೋರಿಸುವುದು. ಇನ್ನೊಂದು, ಎಲ್ಲರೂ ಹಿಡಿಯುವ ದಾರಿ, ಅಡ್ಡಬಿಗಿತದ ಜೊತೆಗೆ ಪ್ರತಿ ಕಂಬವನ್ನೂ ಬುಡದಿಂದ ತಲೆಯ ತನಕ ಎಳೆತಕ್ಕೆ ತಡೆಯುವಂತೆ ಬಿಗಿಯುವುದು. ಯಾವುದೇ ಒಂದು ಮಹಡಿ ಆ ಕಂಬಕ್ಕೆ ಕೊಡುವ ಅತಿ ಹೆಚ್ಚಿನ ಭಾರವನ್ನು ಕಂಬ ಎಳೆತದಲ್ಲಿ ಹೊರಬೇಕು.

ಅರ್ಥವಾಯಿತೇ? ಕೆಳಗಿನ ಕಂಬ ಲಾರಿ ಗುದ್ದಿಯೋ ಗ್ಯಾಸು ಸಿಡಿದೋ ಹೋದ ದಿನ, ಅದರ ಮೇಲಿನ ಕಂಬ ನಿಂತಿರುವುದಿಲ್ಲ, ನೇತಾಡುತ್ತಿರುತ್ತದೆ. ಆರು ಮೀಟರ್ ಚೌಕದ ಅಂಕಣ ಎಂದುಕೋ, 36 ಚದರ ಮೀಟರ್. ಚದರ ಮೀಟರಿಗೆ 10 ಕಿಲೋನ್ಯೂಟನ್ ಹಿಡಿದರೆ 360 ಕಿಲೋನ್ಯೂಟನ್ ತೂಗಬೇಕು. ನಾಲ್ಕು ಎಚ್20 ಕಂಬಿಗೆ ಆಪತ್ಕಾಲದ ಲೆಕ್ಕದಲ್ಲಿ 628ರ ತನಕ ಶಕ್ತಿಯಿದೆ. ಕಂಬಿಗೆ ಕಷ್ಟವಿಲ್ಲ. ಆದರೆ ಆ 360ನ್ನು ಮಹಡಿ ಮಹಡಿಗೂ ದಾಟಿಸಬೇಕಾದ್ದು ಲ್ಯಾಪು, ಎಳೆತದಲ್ಲಿ. ಒತ್ತಡದ ರಿಯಾಯಿತಿ ತೆಗೆದುಕೊಂಡು, ತುದಿಯ ತಳ್ಳುವಿಕೆಯನ್ನೂ ನಂಬಿ ಕತ್ತರಿಸಿದ ಲ್ಯಾಪು ಆ ದಿನ ಅರ್ಧ ಕೆಲಸಕ್ಕೂ ಬಾರದೆ ಹೋಗಬಹುದು, ನೇತಾಡುವ ಕಂಬಿಯ ತುದಿ ಯಾವುದನ್ನೂ ತಳ್ಳುವುದಿಲ್ಲವಲ್ಲ. ನಿನ್ನ 54ಡಿ ಎಳೆತಕ್ಕೂ ಪೂರ್ತಿ ಲ್ಯಾಪು. ಅದನ್ನು ಬರೆಸಿದವರು ಇದನ್ನೆಲ್ಲ ಯೋಚಿಸಿ ಬರೆಸಿದರೋ ಪಟ್ಟಿ ನೋಡಿ ಬರೆಸಿದರೋ ಗೊತ್ತಿಲ್ಲ, ಬರೆಸಿದ್ದು ಸರಿ.

ಕಂಬಿಗೆ ಶಕ್ತಿ ಮಿಗುತ್ತದೆ ಎಂಬ ಈ ಲೆಕ್ಕವನ್ನೇ ಹಿಡಿದುಕೊಂಡು "ಕಂಬಿಯ ಪೂರ್ತಿ ಶಕ್ತಿ ಬಳಕೆಯಾಗುತ್ತಿಲ್ಲ, ಲ್ಯಾಪು ಕಡಿಮೆ ಮಾಡಬಹುದು" ಎಂದು ಕಾಂಟ್ರಾಕ್ಟರನ ಕಡೆಯವರು ಒಂದು ದಿನ ಬರುತ್ತಾರೆ. ಲೆಕ್ಕದಲ್ಲಿ ಅವರ ಮಾತು ಸುಳ್ಳಲ್ಲ, ಕೋಡು ಅದಕ್ಕೆ ಅವಕಾಶ ಕೊಡುತ್ತದೆ. ತೊಲೆಯಲ್ಲಿ, ಸ್ಲ್ಯಾಬಿನಲ್ಲಿ ನೋಡೋಣ ಅನ್ನು. ಕಂಬದಲ್ಲಿ ಬೇಡ ಅನ್ನು. ಉಳಿಯುವ ಉಕ್ಕು ಎಷ್ಟು ಎಂದು ನೀನೇ ಲೆಕ್ಕ ಹಾಕಿ ತೋರಿಸು, ಅವರೇ ಸುಮ್ಮನಾಗುತ್ತಾರೆ.

ಸೈಟಿಗೆ ಹೋಗುವುದನ್ನು ಬಿಡಬೇಡ. ಕಂಬಿ ಕಟ್ಟುವವರ ಜೊತೆ ಮಾತಾಡು, ಅವರಲ್ಲಿ ಬಹಳ ಮಂದಿ ನಮ್ಮಂತೆಯೇ ಇನ್ನೊಂದು ದೇಶದಿಂದ ಬಂದವರು. ಕೆಲಸದ ಬಗ್ಗೆ ಮರ್ಯಾದೆಯಿಂದ ಕೇಳಿದರೆ ಎಲ್ಲಿ ಕಂಬಿ ಕೂರುತ್ತಿಲ್ಲ ಎಂದು ಅವರೇ ತೋರಿಸುತ್ತಾರೆ. ಸ್ಟಾರ್ಟರ್ ಜಾಗ ತಪ್ಪಿ ಬಂದರೆ ಪೈಪು ತೂರಿಸಿ ಬಗ್ಗಿಸಿ ಸರಿಮಾಡುವ ಆಸೆ ಎಲ್ಲ ದೇಶದವರಿಗೂ ಇದೆ. ಅದಾದಾಗ ನಿನಗೆ ತಿಳಿಸಬೇಕು ಎಂದು ಮೊದಲೇ ಹೇಳಿಟ್ಟಿರು. ತಿಳಿಸಿದವನ ಮೇಲೆ ರೇಗಿದೆಯೋ, ಮುಂದಿನ ಸಲ ಯಾರೂ ತಿಳಿಸುವುದಿಲ್ಲ.

ಶಟರ್ ಮುಚ್ಚುವ ಮೊದಲು ಪ್ರತಿ ಕಂಬದ ಲ್ಯಾಪಿನ ಪಕ್ಕ ಟೇಪು ಹಿಡಿದ ಫೋಟೋ ತೆಗೆಸು, ಕಂಬದ ನಂಬರು ಕಾಣುವಂತೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿಗೆ ಬಿದ್ದ ಬೆಂಕಿಯಲ್ಲಿ 72 ಜನ ಸತ್ತ ಮೇಲೆ 2022ರ ಬಿಲ್ಡಿಂಗ್ ಸೇಫ್ಟಿ ಆಕ್ಟ್ ಬಂತು. 18 ಮೀಟರ್ ಅಥವಾ ಏಳು ಮಹಡಿ ಮುಟ್ಟಿದ ವಸತಿ ಕಟ್ಟಡದ ದಾಖಲೆಯನ್ನು ಕೊನೆತನಕ ಕಾಪಾಡಬೇಕು. ನಿನ್ನದು ಎಂಟು, ಅಂದರೆ ಒಳಗೆ ಬಂತು. ನಾಳೆ ಆ ಕಂಬಕ್ಕೆ ತೂತು ಕೊರೆಯಲು ಬಂದವನಿಗೆ ಲ್ಯಾಪು ಎಲ್ಲಿದೆ ಎಂದು ಆ ಫೋಟೋ ಹೇಳಬೇಕು. ಮತ್ತೆ, ಎಲ್ಲಾದರೂ ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ಒಪ್ಪದಿದ್ದರೆ, ಆಫೀಸಿನಲ್ಲಿ ಹೇಳಿಯೂ ಪ್ರಯೋಜನವಾಗದಿದ್ದರೆ, ಕ್ರಾಸ್ ಎಂಬ ವ್ಯವಸ್ಥೆ 2005ರಿಂದ ಇದೆ. ಹೆಸರು ಹೊರಗೆ ಬಾರದಂತೆ ವರದಿ ಕೊಡಬಹುದು. ಬೇರೆಯವರು ಕೊಟ್ಟ ವರದಿಗಳನ್ನು ಬಿಡುವಾದಾಗ ಓದು, ಕಾಲೇಜಿನಲ್ಲಿ ಸಿಗದ ಪಾಠ ಅದು.

ಡ್ರಾಯಿಂಗಿನ ಪರಿಷ್ಕೃತ ಪ್ರತಿ ಹೊರಡುವ ಮುಂಚೆ ಮೂರು ಜಾಗ ನೋಡು: ಲ್ಯಾಪಿನ ತುದಿಯಾಚೆಯ ಲಿಂಕು, ಕಿಕರಿನ ಅಳತೆ, ನೆಲಮಹಡಿಯ ಎಚ್32. ಅದಕ್ಕೆ ಕಪ್ಲರ್ ಹಾಕುವುದಾದರೆ ಎಲ್ಲ ಕಪ್ಲರೂ ಒಂದೇ ಮಟ್ಟದಲ್ಲಿ ಬಂದರೆ ಲಿಂಕಿಗೂ ಕವರಿಗೂ ಜಾಗ ಸಾಲುತ್ತದೆಯೇ ಎಂದು ಪೂರ್ಣ ಅಳತೆಯಲ್ಲಿ ಒಂದು ಅಡ್ಡಛೇದ ಬರೆದು ಕಳಿಸು. ಅದನ್ನು ನೋಡಿ ಉಳಿದದ್ದು ಹೇಳುತ್ತೇನೆ.